ಶಾಲೆಯಿಂದ ಬಂದ ಆ ಒಪ್ಪಿಗೆ ಪತ್ರ

ನಿಮ್ಮ ಪತ್ರ ಓದಿದೆ. ಅಮೆರಿಕಕ್ಕೆ ಬಂದು ನಾಲ್ಕು ತಿಂಗಳಾಗಿದೆ, ಎರಡನೇ ತರಗತಿಯ ಮಗಳು ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ, ಈಗ ಸ್ಕೂಲ್ ಸೋಶಿಯಲ್ ವರ್ಕರ್ ಅವಳನ್ನು ವಾರಕ್ಕೊಮ್ಮೆ ಭೇಟಿಯಾಗಲು ಒಪ್ಪಿಗೆ ಕೇಳಿ ಕಾಗದ ಬಂದಿದೆ. ‘ನಾವೇನು ತಪ್ಪು ಮಾಡಿದೆವು, ಇದು ಅವಳ ದಾಖಲೆಯಲ್ಲಿ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆಯೇ’ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ಇಂಥದ್ದೇ ಕಾಗದ ನನ್ನ ಮಗನ ಚೀಲದಲ್ಲಿ ಬಂದಾಗ ನಾನು ಅದನ್ನು ಮೂರು ವಾರ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದೆ. ಗಂಡನಿಗೂ ತೋರಿಸಿರಲಿಲ್ಲ. ನಿಮ್ಮ ಹೆದರಿಕೆ ಕಂಡು ನಗುವ ಹಕ್ಕು ನನಗಿಲ್ಲ.

ಹೆದರಿಸುವುದು ಆ ‘ಸೋಶಿಯಲ್ ವರ್ಕರ್’ ಎಂಬ ಹೆಸರು. ಮಕ್ಕಳನ್ನು ತಂದೆತಾಯಿಯಿಂದ ಕಿತ್ತುಕೊಂಡು ಹೋಗುವವರು ಎಂಬ ಕಥೆಗಳನ್ನು ಕೇಳಿಕೊಂಡೇ ನಾವೆಲ್ಲ ವಿಮಾನ ಹತ್ತಿರುತ್ತೇವೆ. ಮಕ್ಕಳ ರಕ್ಷಣೆಯ ತನಿಖೆ ನಡೆಸುವ ಸರ್ಕಾರಿ ಇಲಾಖೆಯೇ ಬೇರೆ, ಇವರೇ ಬೇರೆ. ಇವರು ಶಾಲೆಯ ಸಿಬ್ಬಂದಿ. ಹೆಚ್ಚಿನವರು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಈ ಕೆಲಸ ಹುಟ್ಟಿದ್ದೇ ನಮ್ಮಂಥವರ ದೆಸೆಯಿಂದ ಎನ್ನಬಹುದು. 1906-07ರ ಹೊತ್ತಿಗೆ ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್ ನಗರಗಳಲ್ಲಿ ‘ವಿಸಿಟಿಂಗ್ ಟೀಚರ್’ (ಮನೆಗೆ ಭೇಟಿ ಕೊಡುವ ಶಿಕ್ಷಕರು) ಎಂಬ ಹೆಸರಿನಲ್ಲಿ ಇದು ಆರಂಭವಾಯಿತು. ಹೊರದೇಶಗಳಿಂದ ಬಂದ ಬಡ ಕುಟುಂಬಗಳಿಂದ ಆ ಊರುಗಳು ತುಂಬಿದ್ದ ಕಾಲ ಅದು. ಮನೆಗೊಂದು ಭಾಷೆ, ಶಾಲೆಗೊಂದು ಭಾಷೆ. ನಡುವೆ ಓಡಾಡಲು ಒಬ್ಬರು ಬೇಕಾಗಿದ್ದರು.

ಇನ್ನು ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು. ನಾನು ಆಸ್ಪತ್ರೆಯಂಥ ಜಾಗವನ್ನು ಕಲ್ಪಿಸಿಕೊಂಡಿದ್ದೆ. ಇದ್ದದ್ದು ಒಂದು ದುಂಡು ಮೇಜು, ನಾಲ್ಕು ಪುಟ್ಟ ಕುರ್ಚಿ, ಹಿಸುಕಲು ಜೇಡಿಯಂಥ ಮುದ್ದೆ, ಒಂದು ಮರಳುಗಡಿಯಾರ, ಗೋಡೆಯ ಮೇಲೆ ನಾಲ್ಕು ಬಣ್ಣಗಳ ಪಟ್ಟಿ. ಬೇಸರ, ಸುಸ್ತು ಇದ್ದರೆ ನೀಲಿ, ಸಮಾಧಾನವಾಗಿದ್ದರೆ ಹಸಿರು, ಗಾಬರಿ, ಚಡಪಡಿಕೆ, ಅತ್ಯುತ್ಸಾಹ ಹಳದಿ, ಕೈಮೀರಿದ ಸಿಟ್ಟು ಕೆಂಪು. ಬಣ್ಣ ಹಚ್ಚಿ ಭಾವನೆ ಕಲಿಸುತ್ತಾರಂತೆ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದಿದ್ದೆ. ತಿಂಗಳೊಳಗೆ ಒಂದು ಬೆಳಿಗ್ಗೆ ಕಾರಿನ ಬೀಗದ ಕೈ ಸಿಗದೆ ನಾನು ಮನೆಯೆಲ್ಲ ಕಿರುಚಾಡುತ್ತಿದ್ದಾಗ ಮಗ ಬೂಟಿನ ದಾರ ಕಟ್ಟಿಕೊಳ್ಳುತ್ತಲೇ, ‘ಅಮ್ಮ, ನೀನೀಗ ಹಳದಿ ದಾಟುತ್ತಿದ್ದೀಯ’ ಎಂದ. ಸಿಟ್ಟಿಗೆ ಹೆಸರಿಡಲು ನನಗೆ ಯಾರೂ ಕಲಿಸಿರಲಿಲ್ಲ.

ಅವನ ಕಷ್ಟ ಮಾತಿನದ್ದಲ್ಲ, ಆಟದ್ದು. ಬಿಡುವಿನ ವೇಳೆಯಲ್ಲಿ ಗೋಡೆಗೆ ಒರಗಿ ನಿಂತುಬಿಡುತ್ತಿದ್ದ. ನಾನು ಕೊಟ್ಟ ಸಲಹೆ ‘ಹೋಗಿ ಸೇರಿಸಿಕೊಳ್ಳುತ್ತೀರಾ ಎಂದು ಕೇಳು’ ಎಂಬುದು. ಕೇಳುತ್ತಿದ್ದ; ‘ಇಲ್ಲ’ ಎನ್ನುತ್ತಿದ್ದರು; ಮತ್ತೆ ಗೋಡೆ. ಸೋಶಿಯಲ್ ವರ್ಕರ್ ಅದನ್ನು ತಿರುಗುಮುರುಗು ಮಾಡಿದರು. ಮೊದಲು ಹತ್ತಿರ ನಿಂತು ಆಟ ಏನೆಂದು ನೋಡು. ಆಮೇಲೆ ಆಟಕ್ಕೆ ಉಪಯೋಗವಾಗುವ ಏನಾದರೂ ಮಾಡು: ಹೊರಗೆ ಉರುಳಿದ ಚೆಂಡನ್ನು ತಂದುಕೊಡು, ಸ್ಕೋರು ಎಣಿಸು. ಅನುಮತಿ ಕೇಳಬೇಡ, ಕೇಳಿದರೆ ‘ಇಲ್ಲ’ ಎನ್ನುವುದು ಸುಲಭ. ಇದನ್ನು ಕೋಣೆಯಲ್ಲಿ ಇನ್ನು ಮೂವರು ಮಕ್ಕಳ ಜೊತೆ, ಊಟದ ಡಬ್ಬಿ ಬಿಚ್ಚಿಕೊಂಡು, ನಾಟಕದಂತೆ ಅಭ್ಯಾಸ ಮಾಡಿಸಿದರು. ಆಮೇಲೆ ಎರಡು ವಾರ ತಾವೇ ಮೈದಾನದ ಅಂಚಿನಲ್ಲಿ ನಿಂತಿದ್ದರಂತೆ, ಅವನ ಕಡೆ ನೋಡದವರ ಹಾಗೆ. ಕೋಣೆಯಲ್ಲಿ ಕಲಿಸಿದ್ದು ಮೈದಾನಕ್ಕೆ ತಾನಾಗಿ ನಡೆದು ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನಿಮ್ಮ ಮಗಳ ಮೌನ ಬೇರೆ ಬಗೆಯದಿರಬಹುದು. ಹೊಸ ಭಾಷೆಗೆ ಬಂದು ಬಿದ್ದ ಮಕ್ಕಳು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತಾ ಇರುವುದು ಸಾಮಾನ್ಯ. ಆದರೆ ಹೆದರಿಕೆಯಿಂದ ಗಂಟಲು ಕಟ್ಟುವ ಮೌನವೂ ಇದೆ. ಮಾತಿಲ್ಲದೆಯೂ ಅವಳು ಬೆರಳು ತೋರಿಸಿ, ನಕ್ಕು, ಆಡುತ್ತಾಳೆಯೇ, ಇಲ್ಲವೇ ಮೈಯೇ ಮರಗಟ್ಟುತ್ತದೆಯೇ ಎಂಬುದನ್ನು ಗಮನಿಸಲು ಅವರಿಗೆ ಹೇಳಿ. ಮನೆಯಲ್ಲಿ ಅವಳು ಕನ್ನಡದಲ್ಲಿ ಹೇಗೆ ಹರಟುತ್ತಾಳೆ ಎಂಬುದಕ್ಕೆ ಮೊಬೈಲಿನಲ್ಲಿ ಎರಡು ನಿಮಿಷದ ವೀಡಿಯೊ ಮಾಡಿ ತೋರಿಸಿ. ನೂರು ಮಾತಿಗಿಂತ ಅದು ಕೆಲಸಕ್ಕೆ ಬರುತ್ತದೆ. ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು ಎಂದು ನೀವು ಕಲಿಸಿದ್ದರೆ ಅದನ್ನೂ ಹೇಳಿ. ಇಲ್ಲಿ ಅದನ್ನು ಕೊರತೆ ಎಂದು ಬರೆದುಕೊಂಡಾರು. ಯಾರಾದರೂ ‘ಮನೆಯಲ್ಲೂ ಇಂಗ್ಲಿಷ್ ಮಾತಾಡಿ’ ಎಂದರೆ ಆ ಒಂದು ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ನಾನು ಒಂದು ವರ್ಷ ಹಾಕಿಕೊಂಡಿದ್ದೆ. ಮಗನ ಇಂಗ್ಲಿಷ್ ಅದರಿಂದ ಬೆಳೆಯಲಿಲ್ಲ, ಅಜ್ಜಿಯ ಜೊತೆ ಫೋನಿನಲ್ಲಿ ಮಾತು ನಿಂತುಹೋಯಿತು.

ದಾಖಲೆಯ ಚಿಂತೆ ಬಿಡಿ. ಇದು ಅಂಕಪಟ್ಟಿಯಲ್ಲಿ ಬರುವುದಿಲ್ಲ. ಶಾಲೆ ಇಟ್ಟುಕೊಳ್ಳುವ ಕಡತವನ್ನು ನೋಡುವ ಹಕ್ಕನ್ನು ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಕಾಯಿದೆ ತಂದೆತಾಯಿಗೆ ಕೊಟ್ಟಿದೆ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಶಿಕ್ಷಕರು, ವೈದ್ಯರಂತೆ ಇವರೂ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದವರು. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನಕ್ಕೆ ಸಕಾರಣವಿದ್ದರೆ ಮಕ್ಕಳ ರಕ್ಷಣೆಯ ಇಲಾಖೆಗೆ ತಿಳಿಸದೆ ಸುಮ್ಮನಿರುವ ಅವಕಾಶ ಅವರಿಗಿಲ್ಲ. ‘ಅಪ್ಪ ಬೆಲ್ಟು ತೆಗೆದರು’ ಎಂಬ ಮಾತು ಅಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ. ಮಗಳಿಗೆ ‘ಮನೆ ವಿಷಯ ಹೇಳಬೇಡ’ ಎಂದು ಪಾಠ ಹೇಳಿಕೊಟ್ಟು ಕಳಿಸಬೇಡಿ. ಹೊಡೆಯುವ ಅಭ್ಯಾಸವಿದ್ದರೆ ಅದನ್ನು ಬಿಡಿ. ಉಳಿದಂತೆ ಮಗು ಹೇಳಿದ್ದೆಲ್ಲವನ್ನೂ ಅವರು ನಿಮಗೆ ಒಪ್ಪಿಸುವುದಿಲ್ಲ, ಸಾರಾಂಶ ಮಾತ್ರ ತಿಳಿಸುತ್ತಾರೆ. ನನಗೆ ಮೊದಮೊದಲು ಇದು ತೀರಾ ಚುಚ್ಚಿತ್ತು. ನನ್ನ ಮಗ ನನಗೆ ಹೇಳದ್ದನ್ನು ಇನ್ನೊಬ್ಬರಿಗೆ ಹೇಳುವುದೇ ಎಂದು.

ಎಲ್ಲ ಕಡೆಯೂ ಇವರು ಸಿಗುತ್ತಾರೆ ಎಂದುಕೊಳ್ಳಬೇಡಿ. 250 ಮಕ್ಕಳಿಗೆ ಒಬ್ಬರಿರಬೇಕು ಎನ್ನುವುದು ಅಮೆರಿಕದ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಂಘದ ಶಿಫಾರಸು. ಎಷ್ಟೋ ಕಡೆ ಒಬ್ಬರೇ ಎರಡು ಮೂರು ಶಾಲೆಗಳನ್ನು ಸುತ್ತುತ್ತಾರೆ. ಹಾಗಾಗಿ ಉತ್ತರ ತಡವಾದರೆ ಮುನಿಸಿಕೊಳ್ಳದೆ ಮತ್ತೆ ಬರೆಯಿರಿ. ಕೆಲವು ತಿಂಗಳಾದರೂ ಬದಲಾವಣೆ ಕಾಣದಿದ್ದರೆ, ವಿಶೇಷ ಶಿಕ್ಷಣದ ನೆರವು ಬೇಕೇ ಎಂದು ಪರೀಕ್ಷಿಸಲು ನೀವೇ ಕೋರಬಹುದು. ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ, ದಿನಾಂಕ ಹಾಕಿ. ನೀವು ಒಪ್ಪಿಗೆಗೆ ಸಹಿ ಹಾಕಿದ ದಿನದಿಂದ 60 ದಿನಗಳೊಳಗೆ ಆ ಪರೀಕ್ಷೆ ಮುಗಿಯಬೇಕು ಎನ್ನುತ್ತದೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮ. ಕೆಲವು ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಂಡಿವೆ.

ಭೇಟಿಗೆ ಹೋಗುವಾಗ ಇಂಗ್ಲಿಷ್ ಕೈಕೊಡಬಹುದು ಎನಿಸಿದರೆ ಕನ್ನಡದ ದುಭಾಷಿ ಬೇಕೆಂದು ಮುಂಚೆಯೇ ತಿಳಿಸಿ. ಫೋನಿನಲ್ಲಾದರೂ ಒದಗಿಸುವುದು ಶಾಲೆಯ ಹೊಣೆ, ನಿಮಗೆ ಖರ್ಚಿಲ್ಲ. ಮಗಳನ್ನೇ ದುಭಾಷಿ ಮಾಡಬೇಡಿ. ತನ್ನ ಬಗ್ಗೆಯೇ ಆಡಿದ ಮಾತನ್ನು ಅನುವಾದಿಸುವ ಸಂಕಟ ಏಳು ವರ್ಷದ ಮಗುವಿಗೆ ಬೇಡ.

ಕಾಗದ ಓದಿ, ಎಷ್ಟು ವಾರ, ಒಬ್ಬಳೇ ಅಥವಾ ಗುಂಪಿನಲ್ಲೇ, ಯಾವ ಪಾಠದ ವೇಳೆಯಿಂದ ಕರೆದೊಯ್ಯುತ್ತಾರೆ ಎಂಬುದನ್ನು ಕೇಳಿ, ಸಹಿ ಮಾಡಿ. ಚಿತ್ರಕಲೆಯ ತರಗತಿ ಅವಳಿಗೆ ಇಷ್ಟವಾಗಿದ್ದರೆ ಆ ಹೊತ್ತು ಬೇಡ ಎನ್ನಿ. ಸಹಿಯ ಪಕ್ಕದಲ್ಲಿ ದಿನಾಂಕ ಬರೆಯುವಾಗ ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮೂರು ವಾರ ಬಚ್ಚಿಟ್ಟು ಕೊನೆಗೂ ಕಳಿಸಿದ ನನ್ನ ಕಾಗದ ಅದೊಂದೇ ಕಾರಣಕ್ಕೆ ವಾಪಸು ಬಂದಿತ್ತು.