ವಿಎಲ್‌ಸಿ ಪದೇ ಪದೇ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದ್ದರೆ ಏನು ಮಾಡಬೇಕು?

ನಿಮ್ಮ ತೊಂದರೆ ಇಷ್ಟೇ ಅಲ್ವಾ: ವಿಎಲ್‌ಸಿಯಲ್ಲಿ ವಿಡಿಯೊ ಹಾಕಿದರೆ ಒಂದು ಪುಟ್ಟ ಕಿಟಕಿ ಬಂದು ಲಾಗಿನ್ ಕೇಳುತ್ತದೆ. ಕ್ಯಾನ್ಸಲ್ ಒತ್ತಿದರೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹಾಜರ್. ನೀವು ಯಾವ ಖಾತೆಯನ್ನೂ ತೆರೆದಿಲ್ಲ. ಪ್ಲೇಯರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೂ ಹೋಗಲಿಲ್ಲ.

ಮೊದಲು ಒಂದು ಮಾತು. ವಿಎಲ್‌ಸಿಗೆ ಅಂತ ಖಾತೆಯೇ ಇಲ್ಲ. 1996ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾದದ್ದು, 2001ರಿಂದ ಜಿಪಿಎಲ್ ಲೈಸೆನ್ಸಿನಲ್ಲಿ ಎಲ್ಲರಿಗೂ ಮುಕ್ತ. ನಡೆಸುವುದು ವಿಡಿಯೊಲ್ಯಾನ್ ಎಂಬ ಲಾಭರಹಿತ ಸಂಸ್ಥೆ. ಸೈನ್ ಇನ್, ಮೆಂಬರ್‌ಶಿಪ್ ಯಾವುದೂ ಇಲ್ಲ. ಹಾಗಾಗಿ ಆ ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳುತ್ತಿರುವುದು ವಿಎಲ್‌ಸಿ ಅಲ್ಲ, ಬೇರೆ ಯಾರೋ. ವಿಎಲ್‌ಸಿ ಇಲ್ಲಿ ಬರೀ ಅಂಚೆಯವನು. ಯಾರು ಕೇಳುತ್ತಿದ್ದಾರೆ ಅಂತ ಗೊತ್ತಾಗುವ ತನಕ ನಿಮ್ಮ ಇಮೇಲ್ ಪಾಸ್‌ವರ್ಡನ್ನಾಗಲಿ, ಕಂಪ್ಯೂಟರ್ ಪಾಸ್‌ವರ್ಡನ್ನಾಗಲಿ ಅಲ್ಲಿ ಟೈಪ್ ಮಾಡಬೇಡಿ.

ಯಾರು ಅನ್ನುವುದು ಸಾಮಾನ್ಯವಾಗಿ ಆ ಕಿಟಕಿಯಲ್ಲೇ ಬರೆದಿರುತ್ತದೆ. ನಾವು ಕಿರಿಕಿರಿಯಲ್ಲಿ ಓದದೆ ಕ್ಯಾನ್ಸಲ್ ಒತ್ತುತ್ತೇವೆ, ಅಷ್ಟೇ. ಮುಂದಿನ ಸಲ ಬಂದಾಗ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಮೇಲಿನ ಶೀರ್ಷಿಕೆಯಿಂದ ಹಿಡಿದು ಕೊನೆಯ ಸಾಲಿನವರೆಗೆ ಓದಿ.

ಶೀರ್ಷಿಕೆಯಲ್ಲಿ 'ಎಚ್‌ಟಿಟಿಪಿ ಅಥೆಂಟಿಕೇಶನ್' ಅಂತ ಇದ್ದರೆ, ಪ್ಲೇಯರ್ ಯಾವುದೋ ವೆಬ್ ವಿಳಾಸವನ್ನು ತೆರೆಯಲು ಹೋಗಿದೆ, ಆ ಕಡೆಯ ಸರ್ವರ್ 401 ಕೋಡ್ ಕಳಿಸಿ 'ನೀನು ಯಾರು?' ಅಂದಿದೆ ಅಂತ ಅರ್ಥ. ಆ ಉತ್ತರದ ಜೊತೆ ಸರ್ವರ್ ತನ್ನದೊಂದು ಹೆಸರನ್ನೂ ಕಳಿಸುತ್ತದೆ, ಅದಕ್ಕೆ ರೆಲ್ಮ್ ಅನ್ನುತ್ತಾರೆ. ವಿಎಲ್‌ಸಿ ಆ ಹೆಸರನ್ನು ಹಾಗೇ ಕಿಟಕಿಯಲ್ಲಿ ತೋರಿಸುತ್ತದೆ. ಅದು ಕ್ಯಾಮೆರಾದ ಮಾಡೆಲ್ ಹೆಸರೋ, ಟಿವಿ ಚಾನೆಲ್ ಕೊಡುವ ಸರ್ವರ್‌ನ ಹೆಸರೋ ಆಗಿದ್ದರೆ ಅರ್ಧ ಕೆಲಸ ಮುಗಿಯಿತು.

ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಇದರ ಮೂಲ ಹಳೆಯ ಪ್ಲೇಲಿಸ್ಟ್. ಎಂದೋ ಡೌನ್‌ಲೋಡ್ ಮಾಡಿದ ಎಂ3ಯು ಫೈಲ್ ಇರುತ್ತದೆ, ಅದರಲ್ಲಿ ನೂರಾರು ಲಿಂಕ್. ಕೆಲವು ಸತ್ತಿರುತ್ತವೆ, ಕೆಲವಕ್ಕೆ ಚಂದಾ ಮುಗಿದಿರುತ್ತದೆ. ಪ್ಲೇಯರ್ ಒಂದಾದ ಮೇಲೊಂದು ತಟ್ಟುತ್ತಾ ಹೋಗುತ್ತದೆ, ಲಾಗಿನ್ ಬೇಕು ಅನ್ನುವ ಪ್ರತಿ ಲಿಂಕಿಗೂ ಒಂದು ಕಿಟಕಿ. ಕ್ಯಾನ್ಸಲ್ ಮಾಡಿದರೂ ಮತ್ತೆ ಬರುವುದು ಇದಕ್ಕೇ. ಕಂಟ್ರೋಲ್ ಮತ್ತು ಎಲ್ ಒತ್ತಿ ಪ್ಲೇಲಿಸ್ಟ್ ತೆರೆಯಿರಿ. ನಿಮ್ಮ ವಿಡಿಯೊ ಬಿಟ್ಟು ಬೇರೆ ಏನಾದರೂ ಸಾಲುಗಟ್ಟಿ ಕೂತಿದ್ದರೆ ಎಲ್ಲ ಅಳಿಸಿ. ಪ್ಲೇಲಿಸ್ಟ್ ಬೇಕೇ ಬೇಕು ಅಂದರೆ ಆ ಎಂ3ಯು ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅದು ಬರೀ ಪಠ್ಯ, ಹೆದರುವಂಥದ್ದೇನಿಲ್ಲ. ಚಾನೆಲ್ ಹೆಸರಿನ ಸಾಲು, ಅದರ ಕೆಳಗೆ ವಿಳಾಸ. ಕಾಟ ಕೊಡುವ ಜೋಡಿಯನ್ನು ಅಳಿಸಿ ಸೇವ್ ಮಾಡಿದರೆ ಆಯಿತು.

ಕಿಟಕಿಯಲ್ಲಿ 'ಎಸ್‌ಎಂಬಿ' (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚಿಕೊಳ್ಳಲು ಕಂಪ್ಯೂಟರ್‌ಗಳು ಬಳಸುವ ಭಾಷೆ) ಅನ್ನುವ ಅಕ್ಷರ ಕಂಡರೆ ಕಥೆ ಬೇರೆ. ನಿಮ್ಮದೇ ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಕಂಪ್ಯೂಟರ್ ಅಥವಾ ನ್ಯಾಸ್ (ನೆಟ್‌ವರ್ಕಿಗೆ ನೇರವಾಗಿ ಜೋಡಿಸಿದ) ಡಿಸ್ಕ್ ತನ್ನ ಶೇರ್ ಮಾಡಿದ ಫೋಲ್ಡರಿಗೆ ಪಾಸ್‌ವರ್ಡ್ ಕೇಳುತ್ತಿದೆ. ಪ್ಲೇಲಿಸ್ಟ್‌ನ ಎಡಗಡೆ 'ಲೋಕಲ್ ನೆಟ್‌ವರ್ಕ್' ಅಂತ ಒಂದು ಗುಂಪಿದೆ. ಅದರಲ್ಲಿ ಸಿಕ್ಕ ಕಂಪ್ಯೂಟರ್ ಮೇಲೆ ಕ್ಲಿಕ್ ಮಾಡಿದರೆ ಈ ಕಿಟಕಿ ಸಹಜ. ಅದನ್ನು ಬಿಟ್ಟು ಮೇಲಿನ 'ಪ್ಲೇಲಿಸ್ಟ್' ಅನ್ನೇ ಆರಿಸಿ ಪ್ಲೇಯರ್ ಮುಚ್ಚಿ.

ಆ ಶೇರ್ ನಿಮ್ಮದೇ, ನಿಜಕ್ಕೂ ನೋಡಬೇಕು ಅಂತಿದ್ದರೆ ಕಂಪ್ಯೂಟರಿನ ಹೆಸರು ಅಥವಾ ಡೊಮೈನ್, ಒಂದು ಸೆಮಿಕೋಲನ್, ಆಮೇಲೆ ಯೂಸರ್‌ನೇಮ್, ಹೀಗೆ ಕೊಟ್ಟು ನೋಡಿ. ಕಿಟಕಿಯಲ್ಲೇ ಈ ಸೂಚನೆ ಇರುತ್ತದೆ, ಯಾರೂ ಗಮನಿಸುವುದಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಮತ್ತೆ ಕೇಳುತ್ತಿದೆಯಾ? ಲಿನಕ್ಸ್, ಮ್ಯಾಕ್‌ಗಳಲ್ಲಿ ಹಳೆಯ ವಿಎಲ್‌ಸಿಗೆ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಗೊತ್ತು. ವಿಂಡೋಸ್ 10 ಆ ಆವೃತ್ತಿಯನ್ನು 2017ರ ಕೊನೆಯ ಅಪ್‌ಡೇಟ್‌ನಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಕೊಡುವುದನ್ನೇ ಬಿಟ್ಟಿದೆ, ಅದು ಸುರಕ್ಷಿತವಲ್ಲ ಅಂತ. ಇಬ್ಬರ ಭಾಷೆ ಸೇರುವುದಿಲ್ಲ, ಬೈಗುಳ ಮಾತ್ರ ಪಾಸ್‌ವರ್ಡಿಗೆ. ವಿಂಡೋಸ್‌ನಲ್ಲಿ ಹಳೆಯ ಆವೃತ್ತಿಯನ್ನು ಮತ್ತೆ ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಫೈಲ್ ಮ್ಯಾನೇಜರ್‌ನಲ್ಲಿ ಆ ಶೇರನ್ನು ಒಂದು ಸಲ ತೆರೆದು ಲಾಗಿನ್ ಆಗಿ, ಆಮೇಲೆ ಫೈಲನ್ನು ಅಲ್ಲಿಂದಲೇ ವಿಎಲ್‌ಸಿಗೆ ಕೊಡಿ. ಲಾಗಿನ್ ಕೆಲಸ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತದೆ.

ಸಿಸಿಟಿವಿ ಕ್ಯಾಮೆರಾ ನೋಡುವವರಿಗೆ ಇನ್ನೊಂದು ತಲೆನೋವಿದೆ. ವಿಳಾಸದೊಳಗೇ ಹೆಸರು:ಪಾಸ್‌ವರ್ಡ್@ವಿಳಾಸ ಅಂತ ಕೊಟ್ಟಿರುತ್ತಾರೆ, ಆದರೂ ಕಿಟಕಿ ಬರುತ್ತದೆ. ಪಾಸ್‌ವರ್ಡ್‌ನಲ್ಲೇ @ ಇದೆಯಾ ನೋಡಿ. ಇದ್ದರೆ ಪಾಸ್‌ವರ್ಡ್ ಎಲ್ಲಿ ಮುಗಿಯಿತು, ವಿಳಾಸ ಎಲ್ಲಿ ಶುರುವಾಯಿತು ಅಂತ ಪ್ಲೇಯರ್‌ಗೆ ತಿಳಿಯದೆ ಹೋಗಬಹುದು. ಪಾಸ್‌ವರ್ಡಿನೊಳಗಿನ @ ಬದಲು %40 ಅಂತ ಬರೆಯಿರಿ, # ಇದ್ದರೆ %23. ಹೊರಗಿನ @ ಹಾಗೇ ಇರಲಿ.

ಉಳಿದವು ಚಿಕ್ಕಪುಟ್ಟವು. ಹಾಡು ಹಾಕಿದಾಗ ಮಾತ್ರ ಬರುವ ಸಂದೇಶದಲ್ಲಿ 'ಲಾಸ್ಟ್.ಎಫ್‌ಎಂ' ಅಂತ ಇದ್ದರೆ, ಕೇಳಿದ ಹಾಡುಗಳ ಲೆಕ್ಕವನ್ನು ಆ ಸೈಟಿಗೆ ಕಳಿಸುವ ಆಯ್ಕೆ ಆನ್ ಆಗಿದೆ. ಟೂಲ್ಸ್, ಪ್ರಿಫರೆನ್ಸಸ್, ಆಡಿಯೊ, ಆ ಪುಟದ ಕೆಳಭಾಗದಲ್ಲಿ ಟಿಕ್ ತೆಗೆಯಿರಿ. 'ಪ್ರಾಕ್ಸಿ' (ಇಂಟರ್ನೆಟ್‌ಗೂ ನಿಮಗೂ ನಡುವೆ ಕೂರುವ ಮಧ್ಯವರ್ತಿ ಸರ್ವರ್) ಅನ್ನುವ ಮಾತಿದ್ದರೆ ಇನ್‌ಪುಟ್/ಕೋಡೆಕ್ಸ್ ಪುಟದಲ್ಲಿ ಪ್ರಾಕ್ಸಿ ವಿಳಾಸ ಖಾಲಿ ಇದೆಯೇ ನೋಡಿ. ಆಫೀಸಿನಿಂದ ಬಂದ ಲ್ಯಾಪ್‌ಟಾಪಾದರೆ ಸಿಸ್ಟಮ್‌ನ ಪ್ರಾಕ್ಸಿಯನ್ನೂ ನೋಡಿ. ಲಿನಕ್ಸ್‌ನಲ್ಲಿ 'ಕೀರಿಂಗ್' ಅಥವಾ 'ವಾಲೆಟ್' ತೆರೆಯಲು ಕೇಳಿದರೆ ಅದು ನಿಮ್ಮ ಡೆಸ್ಕ್‌ಟಾಪಿನ ಪಾಸ್‌ವರ್ಡ್ ಪೆಟ್ಟಿಗೆ. 2018ರಲ್ಲಿ ಬಂದ ವಿಎಲ್‌ಸಿ 3.0 ಪಾಸ್‌ವರ್ಡ್‌ಗಳನ್ನು ಅದರಲ್ಲಿ ಉಳಿಸಲು ಕಲಿಯಿತು. ಅದು ಅಪಾಯವೇನಲ್ಲ.

ವಿಡಿಯೊದ ಚಿತ್ರದೊಳಗೇ 'ನೋಡಲು ಇಲ್ಲಿ ಲಾಗಿನ್ ಆಗಿ' ಅಂತ ಒಂದು ವೆಬ್ ವಿಳಾಸ ಕಾಣುತ್ತಿದ್ದರೆ ಮಾತ್ರ ಹುಷಾರ್. ಅದು ಮೋಸದ ಫೈಲ್. ಸುಮ್ನೆ ಡಿಲೀಟ್ ಮಾಡಿ. ಹಾಗೆಯೇ ಪ್ಲೇಯರ್ ತೆರೆದ ಕೂಡಲೇ 'ಸೈನ್ ಅಪ್ ಮಾಡಿ' ಅಂದರೆ ನಿಮ್ಮ ಬಳಿ ಇರುವುದು ಅಸಲಿ ವಿಎಲ್‌ಸಿ ಅಲ್ಲ. ಅದನ್ನು ತೆಗೆದುಹಾಕಿ, ವಿಡಿಯೊಲ್ಯಾನ್ ಸೈಟಿನಿಂದಲೇ ಇಳಿಸಿಕೊಳ್ಳಿ.

ಇನ್ನು, ಮತ್ತೆ ಇನ್‌ಸ್ಟಾಲ್ ಮಾಡಿದರೂ ಯಾಕೆ ಹೋಗಲಿಲ್ಲ? ವಿಂಡೋಸ್‌ನಲ್ಲಿ ಪ್ಲೇಯರ್ ತೆಗೆದರೂ ಸೆಟ್ಟಿಂಗ್ಸ್ ನಿಮ್ಮ ಯೂಸರ್ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತವೆ. ಅನ್‌ಇನ್‌ಸ್ಟಾಲ್ ಮಾಡುವಾಗ ಪ್ರಿಫರೆನ್ಸಸ್ ಅಳಿಸುವ ಟಿಕ್ ಹಾಕಿದರೆ ಮಾತ್ರ ಹೋಗುತ್ತವೆ. ಅಷ್ಟೆಲ್ಲ ಬೇಡ. ಪ್ರಿಫರೆನ್ಸಸ್ ಕಿಟಕಿಯ ಕೆಳಗೆ 'ರೀಸೆಟ್ ಪ್ರಿಫರೆನ್ಸಸ್' ಬಟನ್ ಇದೆ. ನೀವು ಬದಲಿಸಿಕೊಂಡ ಶಾರ್ಟ್‌ಕಟ್, ಸಬ್‌ಟೈಟಲ್ ಅಳತೆ ಎಲ್ಲ ಹೋಗುತ್ತವೆ, ಹಾಗಾಗಿ ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಇಷ್ಟಾದರೂ ಗೊತ್ತಾಗದಿದ್ದರೆ ಟೂಲ್ಸ್ ಮೆನುವಿನ 'ಮೆಸೇಜಸ್' ತೆರೆಯಿರಿ, ಕಂಟ್ರೋಲ್ ಮತ್ತು ಎಂ ಒತ್ತಿದರೂ ಬರುತ್ತದೆ. 'ವರ್ಬಾಸಿಟಿ'ಯನ್ನು, ಅಂದರೆ ಎಷ್ಟು ವಿವರ ಬರೆಯಬೇಕು ಅನ್ನುವುದನ್ನು, 2ಕ್ಕೆ ಏರಿಸಿ, ಅದನ್ನು ತೆರೆದಿಟ್ಟುಕೊಂಡೇ ವಿಡಿಯೊ ಹಾಕಿ. ಲಾಗಿನ್ ಕಿಟಕಿ ಬಂದ ಕೂಡಲೇ ಕೊನೆಯ ಹತ್ತಿಪ್ಪತ್ತು ಸಾಲು ನೋಡಿ, ಪ್ಲೇಯರ್ ತೆರೆಯಲು ಹೋದ ವಿಳಾಸ ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಆ ಸಾಲುಗಳನ್ನು ಇಲ್ಲಿ ಹಾಕಿದರೆ ಮುಂದೆ ನೋಡೋಣ. ಹಾಕುವ ಮೊದಲು ವಿಳಾಸದೊಳಗೆ ನಿಮ್ಮ ಹೆಸರು, ಪಾಸ್‌ವರ್ಡ್ ಇದ್ದರೆ ಅಳಿಸಿಬಿಡಿ.