ಸಂಪಾದಕರ ಉತ್ತರ: ಕೇಳುವವನಿಲ್ಲದ ಕನಸು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾನು ಜಾನ್ ಸ್ಟೀನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯನ್ನು ಗೆಳೆತನದ ಬಗ್ಗೆ ಬಂದಿರುವ ಅತ್ಯಂತ ಪ್ರಾಮಾಣಿಕ ಪುಸ್ತಕಗಳಲ್ಲಿ ಒಂದು ಎಂದು ಕರೆದದ್ದನ್ನು ಒಪ್ಪದೆ ತಾವು ಬರೆದ ನಾಲ್ಕು ಪುಟಗಳ ಪತ್ರ ಕೈ ಸೇರಿದೆ. ಅದನ್ನು ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಹಾಗಾಗಿ ಉಳಿದ ಓದುಗರಿಗೆ ಅದರ ಸಾರವನ್ನು ಹೇಳಿ ಮುಂದುವರಿಯುತ್ತೇನೆ. ಪದವಿ ತರಗತಿಗೆ ಈ ಕೃತಿಯನ್ನು ಪಾಠ ಮಾಡುತ್ತಿರುವ ತಮ್ಮ ಆಕ್ಷೇಪಗಳು ಮೂರು. ಉದ್ದಕ್ಕೂ ಬೈಯುತ್ತಲೇ ಬಂದು ಕೊನೆಗೆ ತಲೆಯ ಹಿಂಭಾಗಕ್ಕೆ ಗುಂಡು ಹಾರಿಸಿದವನನ್ನು ಗೆಳೆಯ ಎನ್ನುವುದು ಹೇಗೆ? ಮೊದಲಿನಿಂದಲೂ ಕೈಗೆಟುಕದೆ ಇದ್ದ ಕನಸು ಒಡೆದುಹೋದರೆ ಅದಕ್ಕೆ ಮರುಗುವುದೇಕೆ, ಅದು ವಿಧಿಯಾಟವಲ್ಲವೇ? ‘ಆ ಹೆಂಗಸು ಕೊಟ್ಟಿಗೆಗೆ ಕಾಲಿಡದಿದ್ದರೆ ಏನೂ ಆಗುತ್ತಿರಲಿಲ್ಲ’ ಎನ್ನುವ ವಿದ್ಯಾರ್ಥಿಗಳಿಗೆ ಏನು ಹೇಳಬೇಕು?

ಪುಸ್ತಕವನ್ನು ಓದಿರದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1937ರಲ್ಲಿ ಪ್ರಕಟವಾದ ಈ ಪುಟ್ಟ ಕಾದಂಬರಿ ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯಲ್ಲಿ, ಸೊಲೆಡಾಡ್ ಎಂಬ ಊರಿನ ಹತ್ತಿರ, ಒಂದು ಗುರುವಾರ ಸಂಜೆ ಆರಂಭವಾಗಿ ಭಾನುವಾರ ಸಂಜೆ ಮುಗಿಯುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಸೊಲೆಡಾಡ್ ಎಂದರೆ ಒಂಟಿತನ. ಕಂಬಳಿ ಗಂಟು ಹೊತ್ತುಕೊಂಡು ಜಮೀನಿನಿಂದ ಜಮೀನಿಗೆ ಅಲೆಯುವ ಇಬ್ಬರು ಕೂಲಿಯಾಳುಗಳಲ್ಲಿ ಜಾರ್ಜ್ ಗಿಡ್ಡ ಮೈಕಟ್ಟಿನ ಚುರುಕು ಬುದ್ಧಿಯವನು. ಲೆನ್ನಿ ಆನೆಯಂಥ ದೇಹ, ಮಗುವಿನಂಥ ಮನಸ್ಸು, ತನ್ನ ಕೈಯ ಬಲ ತನಗೇ ತಿಳಿಯದವನು. ಮೃದುವಾದದ್ದನ್ನು ಕಂಡರೆ ಅವನು ಸವರದೆ ಇರಲಾರ. ಸವರಿದ್ದು ಇಲಿಯಾಗಲಿ, ನಾಯಿಮರಿಯಾಗಲಿ, ಅವನ ಕೈಯಲ್ಲೇ ಸಾಯುತ್ತದೆ. ಕೊನೆಗೆ ಜಮೀನುದಾರನ ಮಗ ಕರ್ಲಿಯ ಹೆಂಡತಿ ಅವನ ಕೈಯಲ್ಲಿ ಸಾಯುತ್ತಾಳೆ. ಕರ್ಲಿಯ ಗುಂಪು ಬೇಟೆಗೆ ಹೊರಡುತ್ತದೆ. ಅವರಿಗಿಂತ ಮೊದಲೇ ಹೊಳೆಯ ದಡ ತಲುಪಿದ ಜಾರ್ಜ್ ಗೆಳೆಯನನ್ನು ತಾನೇ ಕೊಲ್ಲುತ್ತಾನೆ.

ತಾವು ಇವರನ್ನು ‘ಗುಳೆ ಹೋದವರು’ ಎಂದು ಕರೆದಿದ್ದೀರಿ. ರಾಯಚೂರು, ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಮೂಟೆ ಕಟ್ಟಿಕೊಂಡು ಹೊರಡುವವರನ್ನು ಕಂಡ ಯಾರಿಗೂ ಮೊದಲು ಹೊಳೆಯುವುದು ಅದೇ ಮಾತು. ಆದರೆ ಗುಳೆ ಹೋದವರಿಗೆ ಹಿಂದೆ ಒಂದು ಊರಿರುತ್ತದೆ; ಬೀಗ ಹಾಕಿದ ಮನೆಯೋ, ಅದನ್ನು ಕಾಯುವ ಮುದುಕರೋ ಇರುತ್ತಾರೆ; ಮಳೆ ಬಿದ್ದರೆ ಬಿತ್ತನೆಗೆ ಮರಳುವವರೂ ಇರುತ್ತಾರೆ. ಜಾರ್ಜ್ ಮತ್ತು ಲೆನ್ನಿಗೆ ಮರಳಲು ಊರಿಲ್ಲ. ಲೆನ್ನಿಯನ್ನು ಸಾಕಿದ ಕ್ಲಾರಾ ಚಿಕ್ಕಮ್ಮ ತೀರಿಹೋಗಿದ್ದಾಳೆ. 1939ರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿ ಇದೇ ಲೇಖಕ ಚಿತ್ರಿಸಿದ್ದು ಒಕ್ಲಹೋಮಾದಿಂದ ಸಂಸಾರ ಸಮೇತ ಹೊರಟವರನ್ನು; ಇಲ್ಲಿರುವವರು ಅವರಲ್ಲ, ಅವರಿಗಿಂತ ಹಿಂದಿನಿಂದಲೂ ಆ ರಸ್ತೆಗಳಲ್ಲಿ ಒಂಟಿಯಾಗಿ ನಡೆಯುತ್ತಿದ್ದ ಗಂಡಸರು. ಸ್ಟೀನ್‌ಬೆಕ್ ಸ್ವತಃ ಯೌವನದಲ್ಲಿ ಅಂಥವರ ಜೊತೆ ಸಲೀನಸ್ ಸುತ್ತಲಿನ ಜಮೀನುಗಳಲ್ಲಿ ದುಡಿದಿದ್ದರು. ಈ ವ್ಯತ್ಯಾಸವನ್ನು ಹೇಳಲು ಕಾರಣವಿದೆ: ಒಬ್ಬನ ಜೊತೆ ಇನ್ನೊಬ್ಬ ನಡೆಯುವುದೇ ಆ ಲೋಕದಲ್ಲಿ ಅನುಮಾನ ಹುಟ್ಟಿಸುವ ಸಂಗತಿ. ಲೆನ್ನಿಯ ಪರವಾಗಿ ಜಾರ್ಜ್ ಮಾತಾಡಿದ ಕೂಡಲೇ ಜಮೀನುದಾರ ಕೇಳುವುದು, ‘ಇವನ ಕೂಲಿಯನ್ನು ನೀನು ಲಪಟಾಯಿಸುತ್ತಿಲ್ಲ ತಾನೇ?’ ಎಂದು. ಗೆಳೆತನವೊಂದನ್ನು ಕಂಡ ಜಮೀನುದಾರನಿಗೆ ಮೊದಲು ತೋಚುವುದು ಮೋಸ.

ಈಗ ಬೈಗುಳದ ವಿಷಯ. ಜಾರ್ಜ್ ಬೈಯುತ್ತಾನೆ, ನಿಜ. ನೀನಿಲ್ಲದಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ ಎಂದು ಮೊದಲ ಅಧ್ಯಾಯದಲ್ಲೇ ಹರಿಹಾಯುತ್ತಾನೆ, ಅದೂ ಬೀನ್ಸ್ ಕಾಳಿಗೆ ಕೆಚಪ್ ಬೇಕು ಎಂದು ಲೆನ್ನಿ ಕೇಳಿದ ಒಂದೇ ಕಾರಣಕ್ಕೆ. ‘ಬೈದು ಹೇಳಿದವರು ಬದುಕಲು ಹೇಳಿದರು, ನಕ್ಕು ಹೇಳಿದವರು ಕೆಡಲು ಹೇಳಿದರು’ ಎಂಬ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆದರೆ ಜಾರ್ಜ್ ನಕ್ಕ ಕಾಲವೊಂದಿತ್ತು ಎನ್ನುವುದನ್ನು ತಾವು ವಿದ್ಯಾರ್ಥಿಗಳಿಗೆ ತೋರಿಸಬೇಕು. ಸ್ಲಿಮ್ ಎಂಬ ಹೇಸರಗತ್ತೆ ಬಂಡಿಯ ಚಾಲಕನ ಮುಂದೆ ಅವನೇ ಒಪ್ಪಿಕೊಳ್ಳುತ್ತಾನೆ: ಒಮ್ಮೆ ನಾಲ್ಕು ಜನರ ಮುಂದೆ ಮೋಜಿಗಾಗಿ ‘ಹಾರು’ ಎಂದನಂತೆ, ಈಜು ಬಾರದ ಲೆನ್ನಿ ಮರುಮಾತಿಲ್ಲದೆ ಸ್ಯಾಕ್ರಮೆಂಟೊ ನದಿಗೆ ಹಾರಿದನಂತೆ, ಮುಳುಗುತ್ತಿದ್ದವನನ್ನು ಎಳೆದು ದಡಕ್ಕೆ ಹಾಕಿದರೆ, ಹಾರಲು ಹೇಳಿದವನು ಇವನೇ ಎಂಬುದನ್ನು ಮರೆತು, ಕಾಪಾಡಿದ್ದಕ್ಕೆ ಕೃತಜ್ಞನಾದನಂತೆ. ಅಂದಿನಿಂದ ಜಾರ್ಜ್ ಆ ಬಗೆಯ ಮೋಜು ಬಿಟ್ಟ. ಆ ಗೆಳೆತನ ನಿಜವಾಗಿ ಶುರುವಾದದ್ದು ಆ ನಾಚಿಕೆಯಿಂದ ಎಂದು ನನ್ನ ಭಾವನೆ. ತನ್ನ ಮಾತಿಗೆ ಒಬ್ಬನ ಮೇಲೆ ಅಷ್ಟು ಅಧಿಕಾರವಿದೆ ಎಂದು ಅರಿತವನು ಆಮೇಲೆ ಆ ಮಾತನ್ನು ಬಳಸಿದ್ದು ಒಂದು ಕಥೆ ಹೇಳುವುದಕ್ಕೆ.

ಆ ಕಥೆಯೇ ಕನಸು: ಹತ್ತು ಎಕರೆ ಜಮೀನು, ಚಿಕ್ಕ ಮನೆ, ಒಂದಷ್ಟು ಹಣ್ಣಿನ ಮರ, ಕೋಳಿ, ಹಂದಿ, ಮತ್ತು ಲೆನ್ನಿಗಾಗಿ ಮೊಲಗಳು, ಮೊಲಗಳಿಗೆ ಮೇವಾಗಿ ಕುದುರೆ ಮಸಾಲೆ ಸೊಪ್ಪಿನ ಒಂದು ಮಡಿ. ಲೆನ್ನಿಗೆ ಅದು ಬಾಯಿಪಾಠ. ಆದರೂ ಜಾರ್ಜ್ ಬಾಯಿಂದಲೇ ಕೇಳಬೇಕು. ನಡುನಡುವೆ ತಾನು ಸಾಲು ತುಂಬಬೇಕು. ‘ನನ್ನನ್ನು ನೋಡಿಕೊಳ್ಳಲು ನೀನಿದ್ದೀಯ, ನಿನ್ನನ್ನು ನೋಡಿಕೊಳ್ಳಲು ನಾನಿದ್ದೇನೆ’ ಎನ್ನುವಲ್ಲಿ ಉಕ್ಕಿ ನಗಬೇಕು. ಮಲಗುವ ಮುಂಚೆ ಅದೇ ಕಥೆಯನ್ನು, ಒಂದಕ್ಷರ ಬದಲಿಸದೆ, ಮತ್ತೆ ಹೇಳು ಎಂದು ಅಜ್ಜಿಯನ್ನು ಕಾಡುವ ಮಗುವನ್ನು ಬಲ್ಲವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ಈಡೇರಲಾರದ ಕನಸು ಎಂಬ ತಮ್ಮ ಮಾತನ್ನು ಮಾತ್ರ ನಾನು ಲೆಕ್ಕ ಹಾಕಿಯೇ ಅಲ್ಲಗಳೆಯುತ್ತೇನೆ. ಸ್ಟೀನ್‌ಬೆಕ್ ಈ ಕನಸಿಗೆ ಬೆಲೆ ಬರೆದಿದ್ದಾರೆ. ಜಮೀನಿನ ಬೆಲೆ 600 ಡಾಲರು. ಅದೇ ಜಮೀನಿನಲ್ಲಿ ದುಡಿಯುತ್ತಾ ಒಂದು ಕೈ ಕಳೆದುಕೊಂಡು ಕಸ ಗುಡಿಸುತ್ತಿರುವ ಮುದುಕ ಕ್ಯಾಂಡಿಯ ಬಳಿ, ಕೈಗೆ ಬಂದ ಪರಿಹಾರ 250, ಕೂಡಿಟ್ಟದ್ದು 50, ತಿಂಗಳ ಕೊನೆಗೆ ಬರಬೇಕಾದದ್ದು ಇನ್ನೂ 50, ಒಟ್ಟು 350 ಡಾಲರು. ಜಾರ್ಜ್ ಮತ್ತು ಲೆನ್ನಿಗೆ ತಿಂಗಳ ಸಂಬಳ ತಲಾ 50. ಅಲ್ಲಿಗೆ ಒಂದೇ ತಿಂಗಳಲ್ಲಿ 450 ಡಾಲರು ಕೈಯಲ್ಲಿ. ಮುಂಗಡವಾಗಿ 100 ಕಳಿಸಿ, ಮಿಕ್ಕದ್ದನ್ನು ದುಡಿದು ತೀರಿಸುವುದೆಂದು ಮಾತು. ಅಷ್ಟು ಹೊತ್ತು ಬರೀ ಹೇಳುವ ಕಥೆಯಾಗಿದ್ದದ್ದು ಶುಕ್ರವಾರ ರಾತ್ರಿ ವ್ಯವಹಾರವಾಗುತ್ತದೆ, ಮೂವರೂ ತಮ್ಮ ಮಾತಿಗೆ ತಾವೇ ಬೆರಗಾಗಿ ಸುಮ್ಮನೆ ಕೂರುತ್ತಾರೆ. ಇಲ್ಲಿ ಒಂದು ಸಣ್ಣ ವಿವರವನ್ನು ಬಹಳ ಮಂದಿ ಗಮನಿಸುವುದಿಲ್ಲ. ಆ ಜಮೀನು ಅಷ್ಟು ಅಗ್ಗಕ್ಕೆ ಏಕೆ ಸಿಗುತ್ತದೆ? ಅದರ ಒಡೆಯರಾದ ವೃದ್ಧ ದಂಪತಿ ದಿವಾಳಿಯಾಗಿದ್ದಾರೆ, ಮುದುಕಿಗೆ ಆಪರೇಷನ್ ಆಗಬೇಕಿದೆ. ಇವರ ಕನಸಿನ ಮನೆ ನಿಲ್ಲುವುದು ಇನ್ನೊಬ್ಬರ ಮನೆ ಮುರಿದ ಮೇಲೆ. ಒಂದೇ ವಾಕ್ಯದಲ್ಲಿ ಇದನ್ನು ಹೇಳಿ ದಾಟಿಬಿಡುವ ಲೇಖಕ, ಅಮೆರಿಕದ ಬಡವರಿಗೆ ಭೂಮಿ ಯಾವ ದಾರಿಯಿಂದ ಬರುತ್ತಿತ್ತು, ಯಾವ ದಾರಿಯಿಂದ ಹೋಗುತ್ತಿತ್ತು ಎಂಬುದನ್ನು ಅಲ್ಲೇ ತೋರಿಸಿದ್ದಾರೆ.

ಹಾಗಾಗಿ ವಿಧಿಯಾಟ ಎಂಬ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಕಾದಂಬರಿಯ ಹೆಸರು ಬಂದಿರುವುದು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ಕವಿತೆಯಿಂದ. ಇಲಿಯಾಗಲಿ ಮನುಷ್ಯನಾಗಲಿ, ಎಷ್ಟು ಜಾಣತನದಿಂದ ಹೂಡಿದ ಹವಣಿಕೆಯೂ ಹಲವು ಸಲ ತಪ್ಪಿಹೋಗುತ್ತದೆ ಎಂಬ ಅದರ ಸಾಲನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಕವಿತೆಯಲ್ಲಿ ಇಲಿಯ ಗೂಡನ್ನು ಒಡೆದದ್ದು ನೇಗಿಲು, ಮತ್ತು ನೇಗಿಲು ಹಿಡಿದವನು ನಿಂತು ಇಲಿಯ ಮುಂದೆ ಮರುಗುತ್ತಾನೆ. ಸ್ಟೀನ್‌ಬೆಕ್ ಕಾದಂಬರಿಯಲ್ಲಿ ಹಾಗೆ ನಿಂತು ಮರುಗುವ ಒಡೆಯನಿಲ್ಲ. ಲೇಖಕರು ಮೊದಲು ‘ನಡೆದುಹೋದ ಒಂದು ಸಂಗತಿ’ ಎಂಬ ಅರ್ಥದ ಹೆಸರಿಡಲು ಹೊರಟಿದ್ದರು ಎಂಬುದು ನನ್ನ ಈ ಓದಿಗೆ ಎದುರಾಗಿ ನಿಲ್ಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಯಾರನ್ನೂ ದೂರದೆ, ಆದದ್ದನ್ನು ಆದಂತೆ ಹೇಳಬೇಕು ಎಂಬುದು ಅವರ ಹಟವಾಗಿತ್ತು. ಆದರೂ ಆದದ್ದು ಏನು ಎಂದು ನೋಡಿದರೆ ಸಾಕು. ಜಮೀನಿನ ಲಾಯ ನೋಡಿಕೊಳ್ಳುವ, ಕಪ್ಪು ಜನಾಂಗದ ಕ್ರುಕ್ಸ್ ಲಾಯಕ್ಕೆ ತಗುಲಿದ ಜೀನು ಲಗಾಮುಗಳ ಕೋಣೆಯಲ್ಲಿ ಒಬ್ಬನೇ ಮಲಗುತ್ತಾನೆ. ಅವನ ಪುಸ್ತಕಗಳ ನಡುವೆ 1905ರ ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ ಹರಿದ ಪ್ರತಿಯೊಂದಿದೆ. ತನ್ನ ಹಕ್ಕುಗಳನ್ನು ಬಾಯಿಪಾಠ ಮಾಡಿಕೊಂಡ ಈ ಮನುಷ್ಯ, ಶನಿವಾರ ರಾತ್ರಿ ಒಂದು ಗಳಿಗೆ, ತಾನೂ ಆ ಹತ್ತು ಎಕರೆಗೆ ಬಂದು ಬಿಟ್ಟಿ ದುಡಿಯುವೆನೆಂದು ಕೇಳುತ್ತಾನೆ. ಕರ್ಲಿಯ ಹೆಂಡತಿ ಬಾಗಿಲಲ್ಲಿ ನಿಂತು, ನಿನ್ನನ್ನು ಮರಕ್ಕೆ ನೇತುಹಾಕಿಸುವುದು ನನಗೆ ಎಷ್ಟರ ಕೆಲಸ ಎಂದ ಮೇಲೆ, ಆ ಮಾತನ್ನು ಅವನೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಇದನ್ನು ವಿಧಿ ಎನ್ನಲು ನನಗೆ ಮನಸ್ಸು ಬಾರದು.

ಆ ಹೆಂಗಸಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕ್ರುಕ್ಸ್‌ಗೆ ಅವಳು ಆಡಿದ ಮಾತು ಕ್ರೂರವಾದದ್ದು, ಅದನ್ನು ಮೃದು ಮಾಡಿ ಪಾಠ ಹೇಳಬಾರದು. ಆದರೆ ಇಡೀ ಕಾದಂಬರಿಯಲ್ಲಿ ಅವಳಿಗೊಂದು ಹೆಸರಿಲ್ಲ ಎಂಬುದನ್ನೂ ತಾವು ಹಲಗೆಯ ಮೇಲೆ ಬರೆದು ತೋರಿಸಿ. ಸಿನಿಮಾದವನೊಬ್ಬ ಹಾಲಿವುಡ್‌ನಿಂದ ಬರೆಯುತ್ತೇನೆ ಎಂದಿದ್ದ ಕಾಗದ ಬರಲಿಲ್ಲ. ಅಮ್ಮನೇ ಕದ್ದಿಟ್ಟಿರಬೇಕು ಎಂದು ನಂಬಿ, ಮನೆ ಬಿಡುವ ಆತುರದಲ್ಲಿ ಕರ್ಲಿಯನ್ನು ಮದುವೆಯಾದವಳು ಅವಳು. 1938ರಲ್ಲಿ ಆ ಪಾತ್ರವನ್ನು ರಂಗದ ಮೇಲೆ ಆಡುತ್ತಿದ್ದ ನಟಿ ಕ್ಲೇರ್ ಲೂಸ್ ಅವರಿಗೆ ಸ್ಟೀನ್‌ಬೆಕ್ ಪತ್ರ ಬರೆದು, ಅವಳು ನಡತೆಗೆಟ್ಟವಳಲ್ಲ, ಒಳ್ಳೆಯ ಹುಡುಗಿ ಎಂದೇ ತಿಳಿಸಿದ್ದರು. ತನ್ನ ಮನಸ್ಸನ್ನು ಅವಳು ಬಿಚ್ಚಿ ಹೇಳಿಕೊಂಡದ್ದು ಲೆನ್ನಿಯೊಬ್ಬನ ಮುಂದೆ. ಅವನೋ ಮೊಲಗಳ ಯೋಚನೆಯಲ್ಲಿದ್ದ.

ಇನ್ನು ಗುಂಡು. ಹೊಳೆಯ ದಡದ ಆ ಕೊನೆಯ ಪುಟಗಳನ್ನು ತರಗತಿಯಲ್ಲಿ ದಯವಿಟ್ಟು ಗಟ್ಟಿಯಾಗಿ ಓದಿಸಿ. ಕಥೆ ಶುರುವಾದದ್ದು ಅದೇ ಮಡುವಿನ ಬಳಿ. ಜಾರ್ಜ್ ಬರುವ ಮುಂಚೆ ಕೊಕ್ಕರೆಯೊಂದು ಪುಟ್ಟ ನೀರುಹಾವಿನ ತಲೆಯನ್ನು ಕುಕ್ಕಿ ಎತ್ತಿ ನುಂಗುತ್ತದೆ; ಹಾವಿನ ಬಾಲ ಇನ್ನೂ ಬಡಿದಾಡುತ್ತಿರುತ್ತದೆ. ಜಾರ್ಜ್ ಬಂದು ಕೂರುತ್ತಾನೆ. ಬೈಯುವುದಿಲ್ಲವೇ ಎಂದು ಲೆನ್ನಿ ಕೇಳುತ್ತಾನೆ, ಬೈಗುಳ ಬಾರದಿದ್ದರೆ ಅವನಿಗೆ ದಿಕ್ಕು ತಪ್ಪಿದಂತೆ. ಜಾರ್ಜ್ ಹಳೆಯ ಬೈಗುಳವನ್ನು ಒಪ್ಪಿಸಲು ನೋಡುತ್ತಾನೆ, ದನಿಯಲ್ಲಿ ಜೀವವಿಲ್ಲ. ಆಮೇಲೆ, ಗಾಳಿ ಚೆನ್ನಾಗಿದೆ, ಟೋಪಿ ತೆಗೆ ಎನ್ನುತ್ತಾನೆ. ಲೆನ್ನಿ ಟೋಪಿ ತೆಗೆದು ತನ್ನ ಮುಂದೆ ನೆಲದ ಮೇಲಿಡುತ್ತಾನೆ. ಹೊಳೆಯಾಚೆ ನೋಡು, ನಾನು ಹೇಳುತ್ತಾ ಹೋದರೆ ಆ ಜಾಗ ನಿನಗೆ ಕಂಡೇಬಿಡುತ್ತದೆ ಎಂದು ಕಥೆ ಶುರು ಮಾಡುತ್ತಾನೆ. ಒಮ್ಮೆ ಪಿಸ್ತೂಲು ಎತ್ತುತ್ತಾನೆ, ಕೈ ನಡುಗುತ್ತದೆ, ಇಳಿಸುತ್ತಾನೆ. ನನ್ನ ಮೇಲೆ ಸಿಟ್ಟಿದೆಯೇ ಎಂದು ಲೆನ್ನಿ ಕೇಳಿದಾಗ, ಎಂದೂ ಇರಲಿಲ್ಲ, ಈಗಲೂ ಇಲ್ಲ, ಇದೊಂದು ನಿನಗೆ ಗೊತ್ತಿರಬೇಕು ಎನ್ನುತ್ತಾನೆ. ಹಿಂದಿನಿಂದ ಗುಂಪಿನ ಸದ್ದು ಹತ್ತಿರವಾಗುತ್ತದೆ. ಗುಂಡು ಹಾರಿದ ಮೇಲೆ ಅವನು ಪಿಸ್ತೂಲನ್ನು ಎಸೆದದ್ದು ಹಳೆಯ ಬೂದಿಗುಡ್ಡೆಯ ಬಳಿಗೆ. ಅಲ್ಲಿ ತಂಗಿ ಹೋದ ಎಷ್ಟೋ ಕೂಲಿಯಾಳುಗಳ ಬೆಂಕಿಯ ಬೂದಿ ಅದು.

ಇದು ಸರಿಯೇ ಎಂದು ತಾವು ಕೇಳುತ್ತೀರಿ. ಬೇರೆ ದಾರಿಗಳನ್ನು ಜಾರ್ಜ್ ನೋಡದೆ ಇರಲಿಲ್ಲ. ಹಿಡಿದು ಕೂಡಿಹಾಕಿದರೆ ಸಾಲದೇ ಎಂದು ಸ್ಲಿಮ್‌ನನ್ನು ಕೇಳಿದ. ಕಟ್ಟಿಹಾಕಿ ಪಂಜರದಲ್ಲಿಡುತ್ತಾರೆ, ಅದೂ ಒಳ್ಳೆಯದಲ್ಲ ಎಂದ ಸ್ಲಿಮ್. ಕರ್ಲಿಯೋ ಹೊಟ್ಟೆಗೆ ಗುಂಡು ಹೊಡೆಯುವ ಪಣ ತೊಟ್ಟಿದ್ದ. ಜೊತೆಗೆ ಕ್ಯಾಂಡಿಯ ಮುದಿ ನಾಯಿ ಇದೆ: ಅದನ್ನು ಕಾರ್ಲ್‌ಸನ್ ಎಂಬ ಇನ್ನೊಬ್ಬ ಕೂಲಿಯಾಳು ಹೊರಗೆ ಒಯ್ದು ಕೊಂದ ಮೇಲೆ, ನನ್ನ ನಾಯಿಯನ್ನು ನಾನೇ ಕೊಲ್ಲಬೇಕಿತ್ತು, ಪರಕೀಯನ ಕೈಗೆ ಬಿಡಬಾರದಿತ್ತು ಎಂದು ಕ್ಯಾಂಡಿ ಹೇಳಿದ ಮಾತು ಜಾರ್ಜ್‌ನ ಕಿವಿಯಲ್ಲಿದೆ. ಅವನು ಬಳಸಿದ್ದೂ ಅದೇ ಕಾರ್ಲ್‌ಸನ್‌ನ ಪಿಸ್ತೂಲು. ಆದರೂ ಮನುಷ್ಯ ನಾಯಿಯಲ್ಲ ಎಂಬ ತಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಅದು ನ್ಯಾಯವಾದ ಮಾತು. ಜಾರ್ಜ್‌ನನ್ನು ನಿರಪರಾಧಿ ಎಂದು ಘೋಷಿಸಲು ನಾನು ಗೆಳೆತನದ ಹೆಸರೆತ್ತಿರಲಿಲ್ಲ. ಅವನು ಏನು ಕಳೆದುಕೊಂಡ ಎಂದು ಹೇಳಲು ಎತ್ತಿದ್ದೆ.

ಅದಕ್ಕೆ ಸಾಕ್ಷಿ ಐದನೆಯ ಅಧ್ಯಾಯದ ಕೊನೆಯಲ್ಲಿದೆ, ಗುಂಡಿಗಿಂತ ಮುಂಚೆ. ಕೊಟ್ಟಿಗೆಯ ಹುಲ್ಲಿನ ಮೇಲೆ ಆ ಹೆಣ್ಣಿನ ಶವ ಬಿದ್ದಿದೆ. ಕ್ಯಾಂಡಿ ಜಾರ್ಜ್‌ನ ಮುಖ ನೋಡಿ, ನೀನೂ ನಾನೂ ಸೇರಿ ಆ ಜಾಗ ಕೊಳ್ಳಬಹುದಲ್ಲವೇ ಎಂದು ಕೇಳುತ್ತಾನೆ. ಲೆಕ್ಕ ನೋಡಿ: ಕ್ಯಾಂಡಿಯ 350 ಡಾಲರು ಹಾಗೇ ಇದೆ, ಜಾರ್ಜ್‌ನ 50 ಬರಲಿಕ್ಕಿದೆ, ಕಡಿಮೆಯಾದದ್ದು ಲೆನ್ನಿಯ 50 ಮಾತ್ರ, ಅವನ ಊಟದ ಖರ್ಚೂ ಇಲ್ಲ. ಮಾರುವವರು ಮಾರಲು ಕಾದಿದ್ದಾರೆ. ಆದರೂ ಉತ್ತರ ಬರುವ ಮೊದಲೇ ಕ್ಯಾಂಡಿ ತಲೆ ತಗ್ಗಿಸುತ್ತಾನೆ. ಅವನಿಗೆ ಕೇಳಲು ಅಷ್ಟು ಇಷ್ಟವಿತ್ತು, ಅದಕ್ಕೇ ನನಗೂ ಆದೀತು ಅನ್ನಿಸತೊಡಗಿತ್ತು ಎನ್ನುತ್ತಾನೆ ಜಾರ್ಜ್. ತಿಂಗಳು ದುಡಿದು, 50 ಡಾಲರು ತೆಗೆದುಕೊಂಡು, ಎಲ್ಲರಂತೆ ಊರಿನ ಯಾವುದೋ ಕೊಳಕು ಮನೆಯಲ್ಲಿ ಒಂದು ರಾತ್ರಿ ಕಳೆದು ಮುಗಿಸುತ್ತೇನೆ ಎನ್ನುತ್ತಾನೆ. ಆಮೇಲೆ ಅವನು ಹೊರಗೆ ಹೋಗುತ್ತಾನೆ, ಗುಂಪು ಬರುತ್ತದೆ, ಬಂದೂಕು ಹಿಡಿದು ಹೊರಡುತ್ತದೆ. ಮುದುಕ ಕ್ಯಾಂಡಿ ಹುಲ್ಲಿನ ಮೇಲೆ ಮಲಗಿ ತೋಳಿನಿಂದ ಕಣ್ಣು ಮುಚ್ಚಿಕೊಳ್ಳುತ್ತಾನೆ. ತಮ್ಮ ಪತ್ರದ ನಾಲ್ಕು ಪುಟಗಳಲ್ಲಿ ಅವನ ಹೆಸರು ಒಮ್ಮೆಯೂ ಬಂದಿಲ್ಲ. ಮುಂದಿನ ತರಗತಿಯನ್ನು ಅವನಿಂದ ಶುರು ಮಾಡಿ ನೋಡಿ, ವಿದ್ಯಾರ್ಥಿಗಳು ಏನೆಂದರು ಎಂದು ನನಗೆ ಬರೆಯಿರಿ.

ವಂದನೆಗಳೊಂದಿಗೆ,
ಸಂಪಾದಕ