ಡಿಕ್ಕಿಗೆ ಜಗ್ಗದ ರೇಡಿಯೇಟರ್

ಪ್ರಶ್ನೆ: ಸರ್, ನಾನು ತಿಪಟೂರಿನವನು, ಈಗ ಅಮೆರಿಕದ ಒಹಾಯೊದಲ್ಲಿದ್ದೇನೆ. ಇಲ್ಲಿಯ ಕೌಂಟಿ ಜಾತ್ರೆಗಳಲ್ಲಿ ಡೆಮಾಲಿಷನ್ ಡರ್ಬಿ ಅಂತ ಒಂದು ಆಟ ಇದೆ. ಹಳೇ ಕಾರುಗಳನ್ನು ಕೆಸರಿನ ಕಣಕ್ಕೆ ಇಳಿಸಿ ಒಂದಕ್ಕೊಂದು ಗುದ್ದಿಸುತ್ತಾರೆ, ಕೊನೆಗೆ ಯಾವ ಕಾರು ಇನ್ನೂ ಓಡುತ್ತಿರುತ್ತದೋ ಅದು ಗೆದ್ದಂತೆ. ಹೋದ ವರ್ಷ ನಾವು ಮೂರು ಜನ ಸೇರಿ ಒಂದು ಹಳೇ ಷೆವ್ರೊಲೆ ಕಪ್ರೀಸ್ ಇಳಿಸಿದೆವು. ನಾಲ್ಕನೇ ಗುದ್ದಿಗೆ, ಇಂಜಿನ್ನಿನ ನೀರು ತಣ್ಣಗಾಗಿಸುವ ರೇಡಿಯೇಟರ್ ಒಡೆದು ಇಂಜಿನ್ ನಿಂತಿತು. ಈ ಸಲ ಕಬ್ಬಿಣದಲ್ಲಿ ನಾವೇ ಒಂದು ಮಾಡೋಣ ಅಂತಿದ್ದೇವೆ. ಒಬ್ಬ ಗೆಳೆಯ ಬಿಯರ್ ತುಂಬುವ ಸ್ಟೀಲ್ ಪೀಪಾಯಿ, ಅಂದರೆ ಕೆಗ್, ಸಾಕು ಅನ್ನುತ್ತಾನೆ, ಇನ್ನೊಬ್ಬ ದಪ್ಪ ತಗಡಿನ ಪೆಟ್ಟಿಗೆ ಅನ್ನುತ್ತಾನೆ. ಒಡೆಯದಂತೆ ಹಿಂದಿನ ಸೀಟಿನ ಜಾಗದಲ್ಲಿ ಇಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು. ಬೇಡ, ಖಂಡಿತ ಬೇಡ. ಒಳಗೆ ಹೋಸ್ ಕಿತ್ತುಕೊಂಡರೆ ಕುದಿಯುವ ನೀರು ಮತ್ತು ಹಬೆ ಎರಡೂ ಡ್ರೈವರ್ ಬೆನ್ನಿಗೆ ಬರುತ್ತವೆ, ಅವನು ಬೆಲ್ಟ್ ಹಾಕಿಕೊಂಡು ಕೂತಿರುತ್ತಾನೆ. ಹೆಚ್ಚಿನ ಜಾತ್ರೆಗಳ ನಿಯಮವೂ ರೇಡಿಯೇಟರ್ ಅದರ ಹಳೇ ಜಾಗದಲ್ಲೇ ಇರಬೇಕು ಅನ್ನುತ್ತದೆ. ನಿಯಮ ಊರಿಂದ ಊರಿಗೆ ಬೇರೆ. ಕೆಲವು ಕಡೆ ಮನೆಯಲ್ಲಿ ಮಾಡಿದ್ದಕ್ಕೆ ಅವಕಾಶವೇ ಇಲ್ಲ. ಕಬ್ಬಿಣ ಕೊಳ್ಳುವ ಮುಂಚೆ ನಿಮ್ಮ ಜಾತ್ರೆಯ ನಿಯಮದ ಹಾಳೆ ಓದಿ.

ಈಗ ಮುಖ್ಯ ವಿಷಯ. ನಾನು ಇಂಡಿಯಾನಾದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೆ, ಇಂಥವನ್ನು ಮಾಡಿದ್ದೇನೆ, ಹಾಳೂ ಮಾಡಿದ್ದೇನೆ. ನೀವು ಮಾಡಲು ಹೊರಟಿರುವುದು ರೇಡಿಯೇಟರ್ ಅಂದುಕೊಳ್ಳಬೇಡಿ. ಕಂಪನಿ ರೇಡಿಯೇಟರ್ ಕೆಲಸ ಮಾಡುವುದು ತೆಳು ಕೊಳವೆ, ಅದರ ನಡುವಿನ ರೆಕ್ಕೆಗಳು, ಮುಂದಿನಿಂದ ನುಗ್ಗುವ ಗಾಳಿ ಇವುಗಳಿಂದ. ಡರ್ಬಿಯಲ್ಲಿ ಗಾಡಿ ಹೋಗುವುದೇ ಅರ್ಧ ಹೊತ್ತು ಹಿಂದಕ್ಕೆ, ಅದೂ ನಿಧಾನಕ್ಕೆ. ಗಾಳಿ ಎಲ್ಲಿಂದ ಬರಬೇಕು? ನಿಮಗೆ ಬೇಕಿರುವುದು ಹಂಡೆ. ಬಚ್ಚಲೊಲೆ ಎಷ್ಟು ಉರಿದರೂ ಹಂಡೆಯಲ್ಲಿ ನೀರಿರುವ ತನಕ ತಾಮ್ರಕ್ಕೆ ಏನೂ ಆಗುವುದಿಲ್ಲ, ನೀರು ಬತ್ತಿತೋ ತಳ ಹೋಯಿತು. ಇಲ್ಲೂ ಅಷ್ಟೇ ಲೆಕ್ಕ.

ಲೆಕ್ಕವನ್ನೇ ಹಾಕೋಣ. ಇಂಜಿನ್ ನೀರಿಗೆ 30 ಕಿಲೋವ್ಯಾಟ್ ಶಾಖ ಕೊಡುತ್ತದೆ ಅಂತಿಟ್ಟುಕೊಳ್ಳಿ. 30 ಲೀಟರ್ ನೀರು 30 ಡಿಗ್ರಿಯಿಂದ 100 ಡಿಗ್ರಿಗೆ ಏರಲು ಸುಮಾರು 5 ನಿಮಿಷ. ಅಷ್ಟೇನಾ ಅನ್ನಬೇಡಿ, ನಿಜವಾದ ಆಟ ಶುರುವಾಗುವುದು ಆಮೇಲೆ. ಒಂದು ಲೀಟರ್ ನೀರು ಹಬೆಯಾಗಲು ಸುಮಾರು 2,260 ಕಿಲೋಜೂಲ್ ಬೇಕು, ಅಂದರೆ ಒಂದೊಂದು ಲೀಟರ್ ನಿಮಗೆ ಒಂದೂಕಾಲು ನಿಮಿಷ ಕೊಡುತ್ತದೆ. 10 ಲೀಟರ್ ಹಬೆಯಾಗಿ ಹೋದರೂ ಇನ್ನೊಂದು ಹನ್ನೆರಡು ನಿಮಿಷ ಸಿಕ್ಕಿತು. ಈ ಹಂಡೆಯ ಮೈಯಿಂದ ಗಾಳಿಗೆ ಹೋಗುವ ಶಾಖ ಹತ್ತರಲ್ಲಿ ಒಂದು ಪಾಲು ಇದ್ದರೆ ಜಾಸ್ತಿ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಾಗಾಗಿ ರೆಕ್ಕೆ ಬೆಸೆಯುವ ಕಸರತ್ತು ಸುಮ್ನೆ ದಂಡ. ಕುದಿಯುವುದು ತಪ್ಪಲ್ಲ, ಸೋರುವುದು ತಪ್ಪು.

ಇನ್ನು ಪೆಟ್ಟಿಗೆಯೋ ಕೆಗ್ಗೋ? ಚಪ್ಪಟೆ ಪೆಟ್ಟಿಗೆ ಮಾಡಿ ನಾನೇ ಕೆಟ್ಟಿದ್ದೇನೆ. 60 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ, ನೋಡಲು ಬಹಳ ಚೆನ್ನಾಗಿತ್ತು. ಮಾಮೂಲಿ 15 ಪಿ.ಎಸ್.ಐ. (ಚದರ ಇಂಚಿಗೆ 15 ಪೌಂಡ್) ಒತ್ತಡ ತಡೆಯುವ ಕ್ಯಾಪ್ ಹಾಕಿ ಇಂಜಿನ್ ಬಿಸಿ ಮಾಡಿದೆ, ಪೂರಿಯ ಹಾಗೆ ಉಬ್ಬಿ ಮೂಲೆಯ ಬೆಸುಗೆ ಬಿಟ್ಟುಕೊಂಡಿತು. ಆಮೇಲೆ ಕೂತು ಲೆಕ್ಕ ಹಾಕಿದರೆ ಆ ಒಂದು ಮುಖದ ಮೇಲೆ ಬಿದ್ದಿದ್ದ ಭಾರ ಹೆಚ್ಚುಕಡಿಮೆ 2,800 ಕೆ.ಜಿ.! ದುಂಡು ಪೈಪಿಗೆ ಈ ಕಷ್ಟ ಇಲ್ಲ. ಕೆಗ್ ಕೂಡ ದುಂಡಗೇ ಇದೆ, ಅಮೆರಿಕದ ದೊಡ್ಡ ಕೆಗ್‌ನಲ್ಲಿ ಸುಮಾರು 58 ಲೀಟರ್ ಹಿಡಿಯುತ್ತದೆ, ಆದರೆ ಬಾನೆಟ್ ಕೆಳಗೆ ಕೂರುವಷ್ಟು ಚಿಕ್ಕದಲ್ಲ, ಮತ್ತೆ ಅದು ಬಿಯರ್ ಕಂಪನಿಯ ಸ್ವತ್ತು, ನಿಮ್ಮದಲ್ಲ. ಸ್ಟೀಲು ಬೇರೆ. ಮನೆಯ ಮಾಮೂಲಿ ವೆಲ್ಡಿಂಗ್ ಮೆಷಿನ್ನಿನಲ್ಲಿ ಸೋರದ ಹಾಗೆ ಬೆಸೆಯಲು ಕೈ ಪಳಗಿರಬೇಕು.

ನಾನು ಹೇಳುವುದು ಇದು: 4 ಇಂಚಿನ ಎಂ.ಎಸ್. (ಮಾಮೂಲಿ ಕಬ್ಬಿಣದ) ಪೈಪ್, ಗೋಡೆ 3 ಮಿ.ಮೀ. ಮೇಲೊಂದು ಅಡ್ಡ, ಕೆಳಗೊಂದು ಅಡ್ಡ, ಎರಡೂ 65 ಸೆಂ.ಮೀ. ನಡುವೆ ಅರ್ಧ ಮೀಟರಿನ ಐದು ಪೈಪು ನೆಟ್ಟಗೆ. ಕಿಟಕಿ ಸರಳಿನ ಹಾಗೆ. ಸುಮಾರು 30 ಲೀಟರ್ ನೀರು ಹಿಡಿಯುತ್ತದೆ, ಕಬ್ಬಿಣವೇ 30 ಕೆ.ಜಿ. ಹತ್ತಿರ ಬರುತ್ತದೆ. ಗೋಡೆ ಇದಕ್ಕಿಂತ ದಪ್ಪ ಮಾಡಿ ಚಾಸಿಗೆ ಬೆಸೆದರೆ ಪರೀಕ್ಷೆ ಮಾಡುವವರು ಇದು ರೇಡಿಯೇಟರ್ ಅಲ್ಲ, ಗಾಡಿಗೆ ಕೊಟ್ಟ ಊರುಗೋಲು ಅಂತ ವಾಪಸ್ ಕಳಿಸುತ್ತಾರೆ. ಅವರು ಹೇಳುವುದು ಸರಿಯೂ ಹೌದು. ಸತುವಿನ ಲೇಪದ ಜಿ.ಐ. ಪೈಪ್ ಮಾತ್ರ ಮುಟ್ಟಬೇಡಿ, ಬೆಸೆಯುವಾಗ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ಎಣ್ಣೆ, ಪೆಟ್ರೋಲ್ ಇದ್ದ ಡ್ರಮ್ಮಿಗೆ ಬೆಂಕಿ ತೋರಿಸಿದರೆ ಜ್ವರ ಬರುವ ತನಕವೂ ಇರುವುದಿಲ್ಲ.

ಬಿಸಿನೀರು ಬರುವ ದಾರಿ ಮೇಲಿನ ಅಡ್ಡ ಪೈಪಿನ ಎಡಗಡೆ ಇದ್ದರೆ ಪಂಪಿಗೆ ಹೋಗುವ ದಾರಿ ಕೆಳಗಿನದರ ಬಲಗಡೆ ಇರಲಿ. ಇಲ್ಲದಿದ್ದರೆ ಬಂದ ನೀರು ಹತ್ತಿರದ ಒಂದೇ ಪೈಪಿನಲ್ಲಿ ಇಳಿದು ವಾಪಸ್ ಹೋಗುತ್ತದೆ, ಉಳಿದ ನಾಲ್ಕರ ನೀರು ತಣ್ಣಗೆ ಕೂತಿರುತ್ತದೆ. ಕ್ಯಾಪಿನ ಬಾಯಿ ಇಂಜಿನ್ನಿನ ನೀರಿನ ದಾರಿಗಿಂತ ಎತ್ತರಕ್ಕೆ ಬರಬೇಕು, ಕೆಳಗಿದ್ದರೆ ಗಾಳಿ ಸಿಕ್ಕಿಕೊಂಡು ನೀರು ಓಡಾಡುವುದೇ ಇಲ್ಲ. 7 ಪಿ.ಎಸ್.ಐ. ಕ್ಯಾಪ್ ಸಾಕು. ಹಬೆ ಹೋಗುವ ಕೊಳವೆ ಅಗಲವಾಗಿರಲಿ, ಬಾಯಿ ನೆಲದ ಕಡೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ನೀರು ತಡೆಯುವ ಕವಾಟ) ತೆಗೆದುಬಿಡಿ. ಕೆಳಗಿನ ಹೋಸಿನ ಒಳಗೆ ಸ್ಪ್ರಿಂಗ್ ಇರಲಿ, ಇಲ್ಲದಿದ್ದರೆ ಪಂಪ್ ಎಳೆಯುವಾಗ ಹೋಸು ಒಳಕ್ಕೆ ಹೀರಿಕೊಂಡು ಮುಚ್ಚಿಹೋಗುತ್ತದೆ. ಪ್ರತಿ ತುದಿಗೂ ಎರಡು ಕ್ಲಾಂಪ್.

ನಿಮ್ಮ ಹೋದ ವರ್ಷದ ರೇಡಿಯೇಟರ್ ಒಡೆದದ್ದು ಮುಂದಿನ ಪೆಟ್ಟಿಗೆ ಅಲ್ಲ, ಹಿಂದಿನ ಫ್ಯಾನಿಗೆ ಅಂತ ನನ್ನ ಗುಮಾನಿ. ಗುದ್ದಿದಾಗ ಇಂಜಿನ್ ಮುಂದಕ್ಕೆ ಜಾರುತ್ತದೆ, ತಿರುಗುವ ಫ್ಯಾನು ಹೋಗಿ ಕೊಳವೆಗಳನ್ನು ಕೊಯ್ಯುತ್ತದೆ. ಫ್ಯಾನ್ ಬಿಚ್ಚಿ ಹಾಕಿ. ಪಂಪಿನ ಮೂತಿಗೂ ನಿಮ್ಮ ಪೈಪಿಗೂ ಕನಿಷ್ಠ ನಾಲ್ಕು ಬೆರಳು ಜಾಗ ಬಿಡಿ. ಕೂರಿಸುವಾಗ ಹಳೇ ಟೈರಿನ ತುಂಡು ಮೆತ್ತೆ ಕೊಟ್ಟು ಪಟ್ಟಿಯಲ್ಲಿ ಕಟ್ಟಿ, ಅಲ್ಲಾಡಲಿ. ಬಿಗಿಯಾಗಿ ಬೆಸೆದದ್ದೇ ಬೇಗ ಸೀಳುತ್ತದೆ.

ಸೋರುತ್ತದಾ ಅಂತ ನೋಡಲು ಗಾಳಿ ತುಂಬಿಸಬೇಡಿ, ಬೆಸುಗೆ ಬಿಟ್ಟರೆ ಬಾಂಬು. ಪೂರ್ತಿ ನೀರು ತುಂಬಿ, ಗಾಳಿಯ ಗುಳ್ಳೆ ಇರದಂತೆ, ಕೈಪಂಪಿನಲ್ಲಿ 15 ಪಿ.ಎಸ್.ಐ. ತನಕ ಒತ್ತಿ. ಇಂಜಿನ್ನಿನಲ್ಲಿರುವ ಬಣ್ಣದ ಕೂಲಂಟ್ ತೊಳೆದು ತೆಗೆದು ಬರೀ ನೀರು ಹಾಕಿ. ಕೂಲಂಟ್ ವಿಷ, ಕಣದಲ್ಲಿ ಚೆಲ್ಲಿದರೆ ಜಾರುತ್ತದೆ, ಹೆಚ್ಚಿನ ಕಡೆ ಬಿಡುವುದೂ ಇಲ್ಲ. ಇನ್ನೊಂದು, ಆಟದ ನಡುವೆ ಟೆಂಪರೇಚರ್ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಖುಷಿಪಡಬೇಡಿ. ಸೆನ್ಸರ್ ಮುಟ್ಟಲು ನೀರೇ ಇಲ್ಲ ಅಂತ ಅರ್ಥ.

ಇಷ್ಟೆಲ್ಲ ಮಾಡಿದ ಮೇಲೂ ಮೂತಿ ಕೊಟ್ಟು ಗುದ್ದಬೇಡಿ. ಕನ್ನಡದಲ್ಲಿ ಗುದ್ದುವುದಕ್ಕೂ ಕಾರಿನ ಹಿಂಭಾಗಕ್ಕೂ ಡಿಕ್ಕಿ ಅಂತ ಒಂದೇ ಮಾತು, ಡರ್ಬಿಯವರಿಗೆ ಹೇಳಿ ಮಾಡಿಸಿದ ಹಾಗಿದೆ. ಡಿಕ್ಕಿಯಿಂದಲೇ ಡಿಕ್ಕಿ ಹೊಡೆಯಿರಿ. ಡ್ರೈವರ್ ಬಾಗಿಲಿಗೆ ಮಾತ್ರ ಯಾರೂ ಹೊಡೆಯುವಂತಿಲ್ಲ, ಅದು ಗೊತ್ತಿರುತ್ತೆ ಅಲ್ವಾ.

ಪ್ರಶ್ನೆ: ನಮ್ಮ ಹಳೇ ಡೀಸೆಲ್ ಜೀಪು ಚಾರ್ಮಾಡಿ ಘಾಟಿ ಹತ್ತುವಾಗ ಕುದಿಯುತ್ತದೆ. ಡರ್ಬಿಯವರ ಹಾಗೆ ಒಂದು ದೊಡ್ಡ ಕಬ್ಬಿಣದ ಟ್ಯಾಂಕ್ ಕೂರಿಸಬಹುದಾ? ಥರ್ಮೋಸ್ಟಾಟ್ ಕಿತ್ತರೆ ಸರಿಹೋಗುತ್ತದೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. (ಓದುಗರು, ಮೂಡಿಗೆರೆ)

ಉತ್ತರ: ಎರಡೂ ಬೇಡ. ಡರ್ಬಿಯವರಿಗೆ ಬೇಕಿರುವುದು ಇಪ್ಪತ್ತು ನಿಮಿಷ, ನಿಮಗೆ ದಿನಾ ಬೇಕು. ಟ್ಯಾಂಕಿನ ನೀರು ಒಂದು ಸಲ ಬಿಸಿಯಾದರೆ ಆರುವ ಹೊತ್ತಿಗೆ ನೀವು ಕೊಟ್ಟಿಗೆಹಾರದಲ್ಲಿ ಎರಡು ಕಾಫಿ ಕುಡಿದಿರುತ್ತೀರಿ. ಥರ್ಮೋಸ್ಟಾಟ್ ಕಿತ್ತರೆ ಮಳೆಗಾಲದ ಬೆಳಿಗ್ಗೆ ಇಂಜಿನ್ ಬಿಸಿಯೇ ಆಗದೆ ಡೀಸೆಲ್ ತಿನ್ನುತ್ತದೆ. ಮೊದಲು ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತಿರುವ ಕೆಸರು, ಹುಳ ಎಲ್ಲ ಹಿಂದಿನಿಂದ ಮುಂದಕ್ಕೆ ನೀರು ಹೊಡೆದು ತೊಳೆಯಿರಿ. ಬೆಲ್ಟ್ ಸಡಿಲವಿದೆಯಾ ನೋಡಿ. ಆಮೇಲೆ ಗಾಡಿ ಪೂರ್ತಿ ತಣ್ಣಗಾದಾಗ ಕ್ಯಾಪ್ ತೆಗೆದು ಅದರ ರಬ್ಬರ್ ಮುಟ್ಟಿ ನೋಡಿ. ಕಲ್ಲಾಗಿದ್ದರೆ ಒತ್ತಡ ನಿಲ್ಲುತ್ತಿಲ್ಲ, ಅದಕ್ಕೇ ಬೇಗ ಕುದಿಯುತ್ತಿದೆ. ಹೊಸ ಕ್ಯಾಪ್ ಹಾಕಿ ಒಂದು ಸಲ ಘಾಟಿ ಹತ್ತಿ ನೋಡಿ, ಆಮೇಲೆ ಬರೆಯಿರಿ.